ಮಂಚ ಇರುವ ಕ್ಯಾಬಿನ್ನು

"ಅಯ್ಯ, ಇದೆಂಥಾ ಕ್ಯಾಬಿನ್ನು? ಮಂಚ ಐತಲ್ಲ!"

ಗುಡ್ಡದ ಮೇಲಿನ ಹೋಟೆಲಿನಲ್ಲಿ, ಆಗಷ್ಟೇ ತೆರೆದ ಬಾಗಿಲ ಮುಂದೆ ನಿಂತು ನನ್ನ ಅವ್ವ ಹೀಗೆ ಕೇಳಿದಾಗ, ಕೀಲಿ ತಂದಿದ್ದ ಹೋಟೆಲಿನವರು ನನ್ನ ಮುಖ ನೋಡಿದರು. ನಾನು ನಮ್ಮ ಮನೆಯವರ ಮುಖ ನೋಡಿದೆ. ಅವರು ಮಂಚದ ಮುಖ ನೋಡಿದರು. ಇರಲು ಬುಕ್ ಮಾಡಿದ ಕ್ಯಾಬಿನ್ನಿನಲ್ಲಿ ಮಂಚ ಇರದೆ ಇನ್ನೇನಿರಬೇಕು?

"ಟೇಬಲ್ ಎಲ್ಲೈತಿ? ಬೆಂಚ್ ಎಲ್ಲದಾವ?" ಅವ್ವ ಒಳಗೆ ಕಾಲಿಡದೆ ಕತ್ತು ಚಾಚಿ ಹುಡುಕುತ್ತಿದ್ದಳು. "ಬೆಲ್ಲೂ ಇಲ್ಲ!"

"ಬೆಲ್ ಯಾಕ ಬೇ?"

ಅವ್ವ ಚಪ್ಪಲಿ ಬಿಟ್ಟು ಒಳಗೆ ಹೋಗಿ ಮಂಚದ ತುದಿಗೆ ಕೂತಳು. ಬಸ್ಸಿನಲ್ಲಿ ಬೇರೆಯವರ ಸೀಟಿನಲ್ಲಿ ಕೂರುತ್ತಾರಲ್ಲ, ಹಾಗೆ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಏನೋ ಸಿಗುತ್ತದೆಂದು ದೂರದಿಂದ ಬಂದವರಿಗೆ ಅಂಗಡಿ ಬಾಗಿಲು ಹಾಕಿದ್ದು ಕಂಡರೆ ಆಗುತ್ತದಲ್ಲ, ಅದು ಇತ್ತು.

ಮೊದಲಿಂದ ಹೇಳುತ್ತೇನೆ.

ನನ್ನ ಅಪ್ಪ ಅವ್ವ ಇರುವುದು ಕುರುಗೋಡಿನಲ್ಲಿ, ನನ್ನ ಅಣ್ಣನ ಜೊತೆ. ನಾನು ಬಳ್ಳಾರಿಯಲ್ಲಿ. ಕೆಲವು ತಿಂಗಳ ಹಿಂದೆ ಅವ್ವ ರೊಟ್ಟಿ ಬಡಿಯುತ್ತಲೇ ತಲೆ ಸುತ್ತಿ ಒಲೆಯ ಮುಂದೆ ಕುಸಿದಳು. ಬಳ್ಳಾರಿಗೆ ಕರೆತಂದು ತೋರಿಸಿದೆವು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ. "ಅಮ್ಮಾ, ಊಟ ಎಷ್ಟು ಹೊತ್ತಿಗೆ ಮಾಡ್ತೀರಿ?"

"ಎಲ್ಲಾರದೂ ಆದಮ್ಯಾಲ" ಎಂದಳು ಅವ್ವ.

"ಎಲ್ಲರದೂ ಎಷ್ಟು ಹೊತ್ತಿಗೆ ಆಗುತ್ತೆ?"

ಅದನ್ನು ಯಾರಿಂದ ಹೇಳಲಾದೀತು? ಒಬ್ಬರು ಅಂಗಡಿಯಿಂದ ಬರಬೇಕು, ಇನ್ನೊಬ್ಬರು ಆಫೀಸಿನಿಂದ. ಅಷ್ಟರಲ್ಲಿ ಯಾರೋ ಬೀಗರು. ರಕ್ತ ಕಡಿಮೆ ಇದೆ, ಹೊಟ್ಟೆಯಲ್ಲಿ ಹುಣ್ಣಾಗುವ ಹಾಗಿದೆ, ಮಾತ್ರೆಗಿಂತ ಮೊದಲು ಬಿಸಿ ಊಟ, ಅದೂ ಹೊತ್ತಿಗೆ ಸರಿಯಾಗಿ ಎಂದು ಡಾಕ್ಟರು ಒತ್ತಿ ಒತ್ತಿ ಹೇಳಿದರು. ಅವ್ವ ಎಲ್ಲದಕ್ಕೂ ತಲೆ ಆಡಿಸಿದಳು. ಮನೆಗೆ ಹೋಗಿ ಯಥಾಪ್ರಕಾರ ಎಲ್ಲರದೂ ಆದ ಮೇಲೆ ಉಂಡಳು.

ನನ್ನ ಅತ್ತಿಗೆಯನ್ನು ದೂರುವಂತಿಲ್ಲ. "ಅತ್ತೀ, ನೀವು ಮೊದ್ಲು ಉಣ್ರಿ" ಎಂದು ಬಡಿಸಿದ ತಾಟನ್ನೇ ಕೈಗೆ ಕೊಡುತ್ತಾಳೆ. ಅವ್ವ ಆ ತಾಟನ್ನು ತೆಗೆದುಕೊಂಡು ಹೋಗಿ ಅಪ್ಪನ ಮುಂದೆ ಇಟ್ಟು ಬರುತ್ತಾಳೆ. ಏನು ಮಾಡುತ್ತೀರಿ? ಅಣ್ಣ ಬೈದು ನೋಡಿದ. ನಾನು ಅತ್ತು ನೋಡಿದೆ. "ಗಂಡುಮಕ್ಕಳು ಉಣ್ಣದ ನನಗ ಗಂಟಲಾಗ ಇಳಿಯಂಗಿಲ್ಲವಾ" ಎನ್ನುತ್ತಾಳೆ. ಸಿರುಗುಪ್ಪದ ತವರಲ್ಲಿ ಅವಳ ಅವ್ವ ಹೇಳಿಕೊಟ್ಟದ್ದು, ಕುರುಗೋಡಿನ ಅತ್ತೆ ಗಟ್ಟಿ ಮಾಡಿದ್ದು. ನನ್ನಂಥವಳ ಎರಡು ಮಾತಿಗೆ ಅಳ್ಳಾಡುತ್ತದೆಯೇ?

ಅದಕ್ಕೇ ನನಗೊಂದು ಉಪಾಯ ಹೊಳೆಯಿತು. ಅಡುಗೆಮನೆ ಇರುವ ಜಾಗದಲ್ಲಿ ತಾನೇ ಈ ಕಾಟ? ಅಡುಗೆಮನೆಯೇ ಇಲ್ಲದ ಕಡೆ ಎರಡು ದಿನ ಕರೆದುಕೊಂಡು ಹೋದರೆ? ಕೂತು, ಬೇರೆಯವರು ಬಡಿಸಿದ್ದನ್ನು, ನಮ್ಮ ಜೊತೆಗೇ ಉಂಡರೆ? ಒಮ್ಮೆ ರೂಢಿ ಮುರಿದರೆ ಮುಂದೆ ಹೇಗೋ ಆದೀತು. ಮಗಳು ಮೊಬೈಲಿನಲ್ಲೇ ಹುಡುಕಿ ಸಂಡೂರಿನ ಕಡೆ ಗುಡ್ಡದ ಮೇಲೊಂದು ಹೋಟೆಲು ಬುಕ್ ಮಾಡಿಕೊಟ್ಟಳು. ಮಳೆಗಾಲ. ಹಸಿರು ಗುಡ್ಡ, ಇಳಿಜಾರಿನಲ್ಲಿ ಮರದ ಕ್ಯಾಬಿನ್ನುಗಳು, ಕಿಟಕಿಯಲ್ಲಿ ಮಂಜು. (ಬಳ್ಳಾರಿಯವರಿಗೆ ಮಂಜು ಅಂದರೆ ಸುಮ್ಮನೆಯೇ? ನಮಗೆ ಗೊತ್ತಿರುವ ಮಂಜು ಒಬ್ಬನೇ, ಪಕ್ಕದ ಓಣಿಯ ಮಂಜುನಾಥ.)

ಫೋನಿನಲ್ಲಿ ಹೇಳಿದರೆ ಅಪ್ಪ ಗೇಲಿ ಮಾಡಿದರು. "ಗುಡ್ಡ ನೋಡಾಕ ಗುಡ್ಡ ಬಿಟ್ಟು ಹೋಗ್ಬೇಕೇನು? ನಮ್ಮ ಮನಿ ಹಿಂದ ಇರೋದೇನು, ಗ್ವಾಡಿಯೇನು? ನಿನಗ ಸಾಲದಿದ್ರ ಬಳ್ಳಾರ್‍ಯಾಗ ಕ್ವಾಟಿ ಗುಡ್ಡ ಐತಿ, ಹತ್ತು."

ಅವ್ವನಿಗೆ ಫೋನ್ ಕೊಡಿಸಿದೆ. ಬರುವುದಿಲ್ಲ ಎನ್ನುತ್ತಾಳೆಂದು ನನಗೆ ಗೊತ್ತಿತ್ತು. ಮೊಮ್ಮಗಳ ಪದವಿ ಸಮಾರಂಭಕ್ಕೇ ಬಾರದವಳು. ಆದರೂ ಹೇಳಿದೆ, "ಹೋಟೆಲಿನ್ಯಾಗ ನಿಮ್ಮಿಬ್ರಿಗೂ ಅಂತ ಒಂದು ಕ್ಯಾಬಿನ್ ತಗೊಂಡೀವಿ ಬೇ."

"ಕ್ಯಾಬಿನ್ನಾ?"

"ಹ್ಞೂಂ."

"ನಮ್ಮಿಬ್ರಿಗೇ?"

"ಹ್ಞೂಂ ಬೇ."

"ಬರ್ತೀನಿ" ಎಂದಳು ಅವ್ವ. ಅಷ್ಟೇ. ಫೋನ್ ಇಟ್ಟ ಮೇಲೆ ನಾನು ಬಹಳ ಹೊತ್ತು ಕೂತು ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಹಾಗೆ ಬಂದವಳು ಈಗ ಬೆಲ್ಲು ಎಲ್ಲಿ, ಬೆಂಚು ಎಲ್ಲಿ ಅನ್ನುತ್ತಿದ್ದಳು.

ಮಧ್ಯಾಹ್ನದ ಊಟಕ್ಕೆ ಹೋದೆವು. ಕ್ಯಾಬಿನ್ನುಗಳಿಂದ ಕಲ್ಲಿನ ಮೆಟ್ಟಿಲಿಳಿದು ಹೋದರೆ ದೊಡ್ಡ ಊಟದ ಹಾಲು. ಬಫೆ. ಸಾಲಾಗಿ ಸ್ಟೀಲಿನ ಡಬ್ಬಿಗಳು, ಅವುಗಳ ಕೆಳಗೆ ಸಣ್ಣ ಉರಿ. ನಾನು ಅವ್ವನ ಕೈಗೆ ತಾಟು ಕೊಟ್ಟೆ. ಅವ್ವ ಆ ತಾಟಿಗೆ ಬಡಿಸಿಕೊಂಡು, ಹೋಗಿ ಅಪ್ಪನ ಮುಂದೆ ಇಟ್ಟಳು. ಇನ್ನೊಂದು ಕೊಟ್ಟೆ. ಅದು ನಮ್ಮ ಮನೆಯವರ ಮುಂದೆ ಹೋಯಿತು. "ಅಯ್ಯೋ ಅತ್ತೀ, ನಾನು ತಗೋತೀನ್ರಿ, ನೀವು ಕೂಡ್ರಿ" ಎಂದು ಅವರು ಎದ್ದು ನಿಂತರು. "ಕುಂದ್ರಿ ಅಳಿಯಾರ, ನಿಮ್ದಾಗಲಿ" ಎಂದಳು ಅವ್ವ.

ಆಮೇಲೆ ನಡೆದದ್ದನ್ನು ನೆನೆಸಿಕೊಂಡರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಅವ್ವ ಸಾರಿನ ಡಬ್ಬಿಯ ಪಕ್ಕ ಸೌಟು ಹಿಡಿದು ನಿಂತುಬಿಟ್ಟಳು. ಬಂದವರಿಗೆಲ್ಲ ಬಡಿಸಿದಳು. ಯಾರೋ, ಎಲ್ಲಿಯವರೋ. ಹೊಸಪೇಟೆಯ ಒಂದು ಕುಟುಂಬಕ್ಕಂತೂ "ಇನ್ನೊಂಚೂರು ಹಾಕ್ಕೊಳ್ರಿ, ಸಂಕೋಚ ಮಾಡ್ಬ್ಯಾಡ್ರಿ" ಎಂದು ಉಪಚಾರ ಬೇರೆ. ಅವರು ಈ ಅಜ್ಜಿ ಹೋಟೆಲಿನ ಮಾಲೀಕರ ತಾಯಿ ಎಂದುಕೊಂಡರೋ ಏನೋ, ಕೈ ಮುಗಿದು ಹೋದರು.

"ಬೇ, ಉಣ್ಣು ಬಾ" ಎಂದೆ.

"ಎಲ್ಲಾರದೂ ಆಗಲಿ ತಡಿ."

ಆದರೆ ಬಫೆಯಲ್ಲಿ ಕೊನೆಯವರು ಎಂಬುವರು ಇರುವುದೇ ಇಲ್ಲವಲ್ಲ! ಒಂದು ಗುಂಪು ಎದ್ದರೆ ಇನ್ನೊಂದು ಗುಂಪು ಒಳಗೆ ಬರುತ್ತದೆ. ಎಲ್ಲರದೂ ಆಗಲಿಲ್ಲ. ಅವ್ವನ ಸರದಿ ಬರಲಿಲ್ಲ. ಡಬ್ಬಿಗಳನ್ನು ಒಳಗೆ ಒಯ್ಯತೊಡಗಿದಾಗ ಅವ್ವ ತಳದ ಅನ್ನಕ್ಕೆ ಮೊಸರು ಕಲಸಿಕೊಂಡು, ಗೋಡೆಗೆ ಮುಖ ಮಾಡಿ, ನಾಲ್ಕು ತುತ್ತು ತಿಂದಳು. ಅಡುಗೆಮನೆಯಿಂದ ತಪ್ಪಿಸಲು ಕರೆತಂದರೆ ಇಡೀ ಹೋಟೆಲ್ಲನ್ನೇ ಅಡುಗೆಮನೆ ಮಾಡಿಕೊಂಡಿದ್ದಳು. ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತು ಕಂಬ ಹಿಡಿದುಕೊಂಡಳು. ನನ್ನ ಜಾಣತನ ಅಲ್ಲಿಗೆ ಇಳಿಯಿತು.

ಸಂಜೆ ಮಂಜು ಬಂತು. ಎದುರಿನ ಗುಡ್ಡ ಇದ್ದಕ್ಕಿದ್ದಂತೆ ಇಲ್ಲವಾಯಿತು. ಅಪ್ಪ ಒಳಗೆ ಕಂಬಳಿ ಹೊದ್ದು ಮಲಗಿದ್ದರು. ನಾನು ಮತ್ತು ಅವ್ವ ಕ್ಯಾಬಿನ್ನಿನ ಹೊರಗಿನ ಮೆಟ್ಟಿಲ ಮೇಲೆ ಕೂತೆವು. ಆಗ ಕೇಳಿದೆ. "ಬೇ, ನೀ ಯಾವ ಕ್ಯಾಬಿನ್ ಅನ್ಕೊಂಡು ಬಂದಿ?"

"ಬಳ್ಳಾರಿದು" ಎಂದಳು ಅವ್ವ.

ನನಗೆ ತಟ್ಟನೆ ನೆನಪಾಯಿತು. ನಿಮಗೂ ಆಗಿರಬೇಕು, ನನ್ನ ವಯಸ್ಸಿನವರಾದರೆ. ಫ್ಯಾಮಿಲಿ ಕ್ಯಾಬಿನ್!

ಬಳ್ಳಾರಿಯ ಹಳೆಯ ಹೋಟೆಲುಗಳಲ್ಲಿ ಗಲ್ಲಾ ದಾಟಿ, ಕೈತೊಳೆಯುವ ಬೇಸಿನ್ ದಾಟಿ, ಹಿಂದಕ್ಕೆ ಹೋದರೆ ಹಲಗೆಯಿಂದ ಅಡ್ಡಗಟ್ಟಿದ ಪುಟ್ಟ ಪುಟ್ಟ ಗೂಡುಗಳು. ಒಂದು ಟೇಬಲ್, ಆ ಕಡೆ ಈ ಕಡೆ ಬೆಂಚು. ಬಾಗಿಲಿಗೆ ಎಣ್ಣೆಗಟ್ಟಿದ ಪರದೆ, ಎಳೆದರೆ ಉಂಗುರಗಳು ಸರ್ರೆಂದು ಸರಿಯುವ ಸದ್ದು. ಗೋಡೆಗೊಂದು ಬೆಲ್ಲು. ಒತ್ತಿದರೆ ಸಪ್ಲಾಯರ್ ಪರದೆಯ ಆಚೆಯಿಂದಲೇ ಕೆಮ್ಮಿ, ಆಮೇಲೆ ತಲೆ ಹಾಕಿ, "ಏಂ ಕಾವಾಲಮ್ಮಾ, ಏನ್ ಕೊಡ್ಲಿ?" ಎಂದು ತೆಲುಗು ಕನ್ನಡ ಎರಡೂ ಭಾಷೆಯಲ್ಲಿ ಕೇಳುತ್ತಿದ್ದ. ಹಲಗೆ ಮೇಲಿನ ತನಕ ಇರುತ್ತಿರಲಿಲ್ಲ. ಪಕ್ಕದ ಕ್ಯಾಬಿನ್ನಿನಲ್ಲಿ ಹೆಣ್ಣು ನೋಡಿ ಬಂದವರು ಹುಡುಗಿಯ ಮೂಗಿನ ಬಗ್ಗೆ ಮಾತಾಡುವುದು ನಮಗೆ ಕೇಳುತ್ತಿತ್ತು. ನಮ್ಮ ವಡೆ ಗರಿಗರಿ ಇದೆಯೋ ಇಲ್ಲವೋ ಅವರಿಗೆ ಕೇಳುತ್ತಿತ್ತು. ಚಿಕ್ಕವಳಿದ್ದಾಗ ಒಂದೆರಡು ಸಲ ನಾನೂ ಹೋಗಿದ್ದೇನೆ. ಬೆಂಚಿನ ಮೇಲೆ ಕೂತರೆ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಬೆಲ್ಲು ಒತ್ತಲು ನನಗೇ ಬಿಡಬೇಕು ಎಂದು ಹಟ ಮಾಡುತ್ತಿದ್ದೆ. ನನ್ನ ಪಾಲಿಗೆ ಕ್ಯಾಬಿನ್ ಅಂದರೆ ಬೆಲ್ಲು.

ಅವ್ವನ ಪಾಲಿಗೆ ಅದು ಏನಾಗಿತ್ತು ಎಂದು ನಾನು ಎಂದೂ ಕೇಳಿರಲಿಲ್ಲ.

"ನಮ್ಮ ಮನ್ಯಾಗ ಆಗ ಎಷ್ಟ ಮಂದಿ!" ಎಂದಳು ಅವ್ವ. "ಅತ್ತಿ ಮುಂದ ನಿಮ್ಮಪ್ಪನ ಕೂಡ ಮಾತಾಡಾಂಗಿಲ್ಲ. ಅವರು ಪಡಸಾಲ್ಯಾಗ, ನಾ ಒಲಿ ಮುಂದ. ಅವರ ಮುಖ ನೋಡೋದು ತಾಟು ಇಡೋ ಮುಂದ, ತಾಟು ತೆಗಿಯೋ ಮುಂದ. ಅಂಗಡಿ ಸಾಮಾನು ತರಾಕ ಬಳ್ಳಾರಿಗೆ ಹೋಗೋರು. ದವಾಖಾನಿಗೆ ತೋರಿಸ್ಬೇಕು ಅಂತ ಸುಳ್ಳು ಹೇಳಿ ನನ್ನ ಕರ್ಕೊಂಡು ಹೋಗೋರು."

"ಅಪ್ಪ ಸುಳ್ಳು ಹೇಳತಿದ್ನಾ?" ನನಗೆ ನಂಬಿಕೆಯಾಗಲಿಲ್ಲ. ನನ್ನ ಅಪ್ಪ ಕಿರಾಣಿ ಅಂಗಡಿಯಲ್ಲಿ ತಕ್ಕಡಿಯ ಮುಳ್ಳು ನೆಟ್ಟಗೆ ನಿಲ್ಲುವ ತನಕ ಉಸಿರು ಬಿಡದಿದ್ದ ಮನುಷ್ಯ.

"ಹೇಳತಿದ್ರು. ದವಾಖಾನಿನೂ ಇಲ್ಲ, ಏನೂ ಇಲ್ಲ. ನೆಟ್ಟಗ ಹೋಟ್ಲಕ್ಕ. ಪರದಿ ಎಳೀತಿದ್ರು. ನಾ ತಲಿ ಮ್ಯಾಲಿನ ಸೆರಗು ತೆಗೀತಿದ್ನಿ. ಎದುರಾಬದುರು ಕುಂದ್ರತಿದ್ವಿ. ಆಗ ಅವರು ಕೇಳೋರು, ಏನ್ ತಿಂತಿ?"

ಮಂಜಿನಲ್ಲಿ ಎಲ್ಲೋ ಕೆಳಗೆ ಅದಿರಿನ ಲಾರಿಯೊಂದು ಏರು ಹತ್ತುವ ಸದ್ದು.

"ಮೊದಲನೇ ಸಲ ಕೇಳಿದಾಗ ನನಗ ತಿಳೀಲಿಲ್ಲವಾ. ನಿಮಗೇನು ಬೇಕೋ ಅದ ಅಂದೆ. ನಾ ಕೇಳಿದ್ದು ನಿನ್ನ ಅಂದ್ರು. ನನ್ನ ಯಾರು ಕೇಳಿದ್ರು ಅಲ್ಲೀತನಾ? ತವರಾಗೂ ಇಲ್ಲ, ಇಲ್ಲೂ ಇಲ್ಲ. ಅಡಗಿ ಮಾಡಾಕಿನ್ನ ಏನ್ ತಿಂತಿ ಅಂತ ಯಾರಾದ್ರೂ ಕೇಳ್ತಾರಾ?"

"ಏನಂದಿ?"

"ಪೂರಿ ಅಂದೆ."

"ಪೂರಿನಾ? ಮನ್ಯಾಗ ಮಾಡತಿದ್ದೆಲ್ಲ?"

ಅವ್ವ ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ಇಷ್ಟು ವರ್ಷ ಪೂರಿ ಕರಿದ ನಾನು ಅದನ್ನು ಕೇಳಬಾರದಿತ್ತು. "ಮಾಡತಿದ್ದೆ. ಎಲ್ಲಾರಿಗೂ. ಉಬ್ಬಿದ್ದು ಅವರಿಗೆ ಹೋಗೋವು. ನನ್ನ ಪಾಳಿ ಬರೋದ್ರಾಗ ಆರಿ, ಚಪ್ಪಟಿ ಆಗಿ, ತೊಗಲು. ಉಬ್ಬಿದ ಪೂರಿಗೆ ಬೆರಳಿಟ್ಟು ಒಡದ್ರ ಹೊಗಿ ಬರ್ತೈತಲ್ಲ? ಅದನ್ನ ನಾ ಮೊದಲ ನೋಡಿದ್ದು ಆ ಕ್ಯಾಬಿನ್ನಿನ್ಯಾಗ. ಬೆರಳು ಸುಟಗೊಂಡೆ. ನಿಮ್ಮಪ್ಪ ಎಷ್ಟು ನಕ್ರು ಅಂತಿ!"

ನಾನು ನನ್ನ ಜೀವನದಲ್ಲಿ ಅಪ್ಪ ಗಟ್ಟಿಯಾಗಿ ನಕ್ಕದ್ದನ್ನು ಕಂಡದ್ದು ಕಡಿಮೆ. ಅವ್ವನ ಬಳಿ ಅದರ ಒಂದು ಸ್ಟಾಕೇ ಇತ್ತು. ಪರದೆಯ ಹಿಂದಿನದು.

ಆಮೇಲೆ ಆ ಹೋಟೆಲು ಹೋಯಿತು. ಉಳಿದ ಹೋಟೆಲುಗಳವರೂ ಹಲಗೆ ಕಿತ್ತು ಹಾಕಿ ಗಾಜಿನ ಹಾಲು ಮಾಡಿದರು. ಎಸಿ ಬಂತು. ಬಿಡಿ, ಒಳ್ಳೆಯದೇ. ಹೆಂಗಸರು ಊರ ಮುಂದೆ ಕೂತು ದೋಸೆ ತಿನ್ನುವಂತಾಯಿತು, ಅವಿತುಕೊಳ್ಳುವ ಕಾಲ ಹೋಯಿತು. ನನ್ನ ಮಗಳಿಗೆ ಪರದೆ ಎಳೆದು ಊಟ ಮಾಡು ಎಂದರೆ ಪರದೆಯನ್ನೇ ಹರಿದಾಳು. ಆದರೆ ನನ್ನ ಅವ್ವ ಅಲ್ಲಿ ಅವಿತುಕೊಂಡಿದ್ದಳೇ? ಇಡೀ ಬದುಕಿನಲ್ಲಿ ಅವಳು ಯಾರಿಗಾದರೂ ಪೂರ್ತಿ ಕಂಡದ್ದಿದ್ದರೆ ಅಲ್ಲೇ ಅಲ್ಲವೇ? ಪರದೆ ಎಂದರೆ ಮುಚ್ಚುವುದಕ್ಕೇ ಎಂದು ನಾನು ಅಂದುಕೊಂಡಿದ್ದೆ.

"ಕ್ಯಾಬಿನ್ ಅಂದಿ ನೋಡು, ಅದ ಮತ್ತ ಮಾಡ್ಯಾರೇನೋ ಅನ್ಕೊಂಡೆ" ಎಂದು ಅವ್ವ ತನ್ನ ಹುಚ್ಚಿಗೆ ತಾನೇ ನಕ್ಕು ಎದ್ದಳು. ಬೆನ್ನ ಹಿಂದೆ, ಹಲಗೆಯ ಆಚೆ, ಅಪ್ಪ ಒಮ್ಮೆ ಕೆಮ್ಮಿದರು. ಮಲಗಿದವರ ಕೆಮ್ಮಿನಂತೆ ಇರಲಿಲ್ಲ. (ಹಲಗೆ ಗೋಡೆ ಎಂದೂ ಗೋಡೆಯಲ್ಲ. ಇದು ಬಳ್ಳಾರಿಗೂ ಅನ್ವಯ, ಸಂಡೂರಿಗೂ ಅನ್ವಯ.)

ಮರುದಿನ ಬೆಳಿಗ್ಗೆ ನಾನೂ ನಮ್ಮ ಮನೆಯವರೂ ಚಹಾ ಕುಡಿಯಲು ಹಾಲಿಗೆ ಇಳಿದೆವು. ತಿಂಡಿ ಆಗಲೇ ಹೊರಗಿಟ್ಟಿದ್ದರು. ಡಬ್ಬಿಯ ಮುಚ್ಚಳ ತೆಗೆದು ನೋಡಿದೆ. ಪೂರಿ! ಆದರೆ ಒಂದರ ಮೇಲೊಂದು ಮಲಗಿ, ಆವಿಗೆ ಬೆವತು, ಒಗೆದು ಹಿಂಡಿದ ಕರ್ಚೀಫಿನಂತಾಗಿದ್ದವು. ಇದನ್ನು ಅವ್ವನಿಗೆ ತೋರಿಸುವುದೇ ಬೇಡ ಎಂದು ಮುಚ್ಚಿದೆ.

ಆಗ ಒಳಗಿನ ಅಡುಗೆಮನೆಯಿಂದ ಗುರುತಿನ ದನಿಯೊಂದು ಕೇಳಿಸಿತು. ತೆಲುಗಿನಲ್ಲಿ, ಬಿಸಿಬಿಸಿಯಾಗಿ ಬೇಕು ಎಂದು.

"ವೇಡಿ ವೇಡಿಗಾ ಕಾವಾಲಪ್ಪಾ!"

ಬಾಗಿಲಲ್ಲಿ ಇಣುಕಿದೆ. ಅಪ್ಪ! ಎಂಬತ್ತರ ಹತ್ತಿರದ ಮನುಷ್ಯ, ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು, ಕಡಾಯಿಯ ಪಕ್ಕದಲ್ಲೇ ನಿಂತಿದ್ದಾರೆ. ಆಂಧ್ರದ ಆದೋನಿ ಕಡೆಯ ಅಡುಗೆಯವನು ಹಣೆ ಬೆವರು ಒರೆಸಿಕೊಳ್ಳುತ್ತ, "ಅಜ್ಜಾರ, ಹೊರಗ ಇಟ್ಟೀವಲ್ರೀ" ಎನ್ನುತ್ತಿದ್ದಾನೆ.

"ಅವು ಪೂರಿ ಅಲ್ಲೋ ಮಾರಾಯ, ಪೂರಿ ಹೆಣ. ಹೊಸಾವು ಬಿಡು. ಉಬ್ಬಬೇಕು. ಉಬ್ಬದಿದ್ರ ನನಗ ಬ್ಯಾಡ."

ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳುತ್ತಿದ್ದ ಅದೇ ಗತ್ತು. ಅಡುಗೆಯವನು ನಕ್ಕು ಹಿಟ್ಟು ಲಟ್ಟಿಸಿದ. ಪೂರಿಗಳು ಎಣ್ಣೆಯಲ್ಲಿ ಬಿದ್ದು, ಒಂದು ಕ್ಷಣ ಯೋಚಿಸಿ, ಗುಂಡಗೆ ಎದ್ದವು. ಅಪ್ಪ ಅವನ್ನು ತಾಟಿಗೆ ಹಾಕಿಸಿಕೊಂಡು, ಮೇಲೊಂದು ತಾಟು ಮುಚ್ಚಿ, ಅದರ ಮೇಲೆ ಹೆಗಲ ಟವೆಲ್ಲು ಹೊದಿಸಿ ಹೊರಟೇಬಿಟ್ಟರು.

ಇದು ಎಂಥ ಸಂಗತಿ ಎಂದು ನಿಮಗೆ ಹೇಗೆ ಹೇಳಲಿ? ಕುಡಿಯುವ ನೀರಿನ ಲೋಟವೂ ಕೈಗೇ ಬರಬೇಕು ಎನ್ನುವ ಮನೆಯಲ್ಲಿ ಹುಟ್ಟಿ ಬೆಳೆದ ಮನುಷ್ಯ ಅವರು. ಉಂಡ ತಾಟನ್ನೂ ಎಂದೂ ಎತ್ತಿದವರಲ್ಲ. ಮಂಡಿ ನೋವು ಬೇರೆ.

"ಅಪ್ಪಾ, ಕೊಡು ಇತ್ಲಾಗ, ನಾ ಒಯ್ತೀನಿ" ಎಂದು ಅಡ್ಡ ಬಂದೆ.

"ಸರೀ ಆ ಕಡಿ! ಉಬ್ಬು ಇಳೀತೈತಿ!"

ಸರಿದೆ. ನಮ್ಮ ಮನೆಯವರೂ ಚಹಾ ಲೋಟ ಹಿಡಿದು ಗೋಡೆಗೆ ಅಂಟಿದರು. ಅಪ್ಪ ಮೆಟ್ಟಿಲು ಹತ್ತಿದರು. ಮಳೆಗೆ ಪಾಚಿಗಟ್ಟಿದ ಕಲ್ಲು. ಎರಡೂ ಕೈ ತಾಟಿಗೆ, ಕಂಬ ಹಿಡಿದುಕೊಳ್ಳಲು ಕೈಯೇ ಇಲ್ಲ. ಮಂಜಿನಲ್ಲಿ ಬಿಳಿ ಪಂಚೆ ಕಂಡೂ ಕಾಣದಂತೆ ಮೇಲೆ ಮೇಲೆ ಹೋಯಿತು. ಅರ್ಧ ದಾರಿಯ ತನಕ ನಾವೂ ಹಿಂದೆ ಹತ್ತಿ ನಿಂತೆವು.

ಮೇಲೆ ಅವ್ವ ಬಾಗಿಲಲ್ಲಿ ನಿಂತಿದ್ದಳು. "ಅಯ್ಯ, ನೀವ್ಯಾಕ ತಂದ್ರಿ? ಅಳಿಯಾರದು ಆತೇನು? ಎಲ್ಲಾರದೂ..."

"ಎಲ್ಲಾರದೂ ಆಗೈತಿ. ಒಳಗ ನಡಿ. ಪರದಿ ಎಳಿ."

ಎಲ್ಲರದೂ ಎಲ್ಲಿ ಆಗಿತ್ತು? ನಮ್ಮದು ಬರೀ ಚಹಾ. ಆ ಹಳೆಯ ದವಾಖಾನೆ ಸುಳ್ಳಿನ ಮನುಷ್ಯ ಇನ್ನೂ ಸುಳ್ಳು ಮರೆತಿರಲಿಲ್ಲ. ಬಾಗಿಲು ಹಾಕಿಕೊಂಡಿತು. ಕಿಟಕಿಯ ಪರದೆ ಸರ್ರೆಂದು ಸರಿದದ್ದು ನಮಗೆ ಕೆಳಗಿನಿಂದ ಕಂಡಿತು.

ನಮ್ಮ ಮನೆಯವರು ಮೊಬೈಲು ತೆಗೆದರು, ಫೋಟೊ ಅಂತ. "ಏನ್ ಫೋಟೋ ತೆಗೀತೀರಿ, ಪರದೀದಾ? ಇಡ್ರಿ ಒಳಗ" ಎಂದು ಗದರಿದೆ. ಸ್ವಲ್ಪ ಹೊತ್ತಿಗೆ ಮಂಜಿನೊಳಗಿಂದ ಒಂದು ನಗೆ ಕೇಳಿಸಿತು. ಗಂಡಸಿನ ನಗೆ. ಗಟ್ಟಿಯಾಗಿ.

ವಾಪಸ್ ಬರುವಾಗ ಕಾರಿನಲ್ಲಿ ಮೆಲ್ಲಗೆ ಅವ್ವನನ್ನು ಕೇಳಿದೆ. "ಪೂರಿ ಉಬ್ಬಿದಾಂಗ ಇದ್ವಾ ಬೇ?"

"ಒಂದ ಉಬ್ಬಿತ್ತು. ಅದನ್ನ ನನಗ ಕೊಟ್ರು."

"ಉಳದಾವು?"

"ದಾರ್‍ಯಾಗ ಇಳದು ಚಪ್ಪಟಿ ಆಗಿದ್ವು. ಅವನ್ನ ಅವರು ತಿಂದ್ರು."

ಮುಂದಿನ ಸೀಟಿನಿಂದ ಅಪ್ಪ, ರಸ್ತೆಯಿಂದ ಕಣ್ಣು ತೆಗೆಯದೆ, "ನನಗ ಚಪ್ಪಟಿ ಪೂರಿನ ಸೇರ್ತಾವು" ಎಂದರು. ಯಾರೂ ನಗಲಿಲ್ಲ. ನಮ್ಮ ಮನೆಯವರು ತೋರಣಗಲ್ಲು ದಾಟುವ ತನಕ ರೇಡಿಯೊ ಹಾಕಲಿಲ್ಲ.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾದೀತು. ಕುರುಗೋಡಿಗೆ ಕಾಲಿಟ್ಟ ಕೂಡಲೇ ಅವ್ವ ಸೆರಗು ಸಿಕ್ಕಿಸಿ ಒಲೆಯ ಮುಂದೆ ನಿಂತಳು. ಈಗಲೂ ಅಪ್ಪನಿಗಿಂತ ಮೊದಲು ಉಣ್ಣುವುದಿಲ್ಲ. ಆದರೆ ಮೊನ್ನೆ ಅತ್ತಿಗೆ ಫೋನು ಮಾಡಿದ್ದಳು. ದನಿಯಲ್ಲಿ ಅರ್ಧ ದೂರು, ಅರ್ಧ ಕೌತುಕ.

"ಮಾವಾರಿಗೆ ಏನಾಗೈತ್ರಿ? ಉಂಡ ತಾಟಿನ ಮುಂದಿಂದ ಏಳಾಂಗೇ ಇಲ್ಲ. ಕೈ ಒಣಗಿಸ್ಕೊಂಡು ಕುಂದ್ರತಾರ. ಯಾಕ ಅಂದ್ರ, ನಿಮ್ಮತ್ತಿ ಬಂದು ಕುಂತು ಉಂಡ್ರ ಏಳ್ತೀನಿ ಅಂತಾರ. ಅತ್ತಿ ಬೈಕೋತ ಬೈಕೋತ, ಬಿಸಿದು ಇದ್ದಾಗನ, ಎದುರಿಗೆ ಬಂದು ಕುಂದ್ರತಾರ."

"ಪರದಿ ಇಲ್ಲದನ?"

"ಏನಂದ್ರಿ?" ಎಂದಳು ಅತ್ತಿಗೆ. ಅವಳಿಗೆ ತಿಳಿಯಲಿಲ್ಲ. ನಾನು ಬಿಡಿಸಿ ಹೇಳಲಿಲ್ಲ.

ಫೋನಿಟ್ಟು ಅಡುಗೆಮನೆಗೆ ಹೋದೆ. ಭಾನುವಾರ. ನಮ್ಮ ಮನೆಯಲ್ಲೂ ಪೂರಿಗೆ ಹಿಟ್ಟು ಕಲಸಿಟ್ಟಿದ್ದೆ. ಮೊದಲನೆಯದು ಚೆಂಡಿನಂತೆ ಉಬ್ಬಿ ಬಂತು. ರೂಢಿಯಂತೆ ಅದನ್ನು ತಾಟಿಗೆ ಹಾಕಿ ಹೊರಗೆ ಕಳಿಸಲು ಹೋದವಳು, ಒಂದು ಗಳಿಗೆ ನಿಂತೆ.

ನಿಮ್ಮ ಮನೆಯಲ್ಲಿ ಪೂರಿ ಕರಿಯುವವರಿಗೆ ಉಬ್ಬಿದ ಪೂರಿ ಸಿಕ್ಕು ಎಷ್ಟು ದಿನವಾಯಿತು?